ಮುರಿಯದೆ ತೆಗೆಯುವುದು

ಓಂದಾ ಊರಿನ ಟೈಲ್ಸ್ ಗೂಡುಗಳೆಲ್ಲ ಆ ವರ್ಷ ತಣ್ಣಗಿದ್ದವು.
ನಾನು ಪ್ರಶ್ನಾವಳಿ ಹಿಡಿದು ತಿರುಗುತ್ತಿದ್ದೆ:
ಅಡಮಾನ ಎಷ್ಟು, ಕಂತು ತಪ್ಪಿದ ತಿಂಗಳೆಷ್ಟು,
ಕಸುಬು ಯಾವುದು, ಅದಕ್ಕೊಂದು ನಾಲ್ಕಂಕಿಯ ಸಂಖ್ಯೆ.

ಇಡೀ ಬೀದಿಯಲ್ಲಿ ಕೈತುಂಬ ಕೆಲಸವಿದ್ದವನು ಒಬ್ಬನೇ,
ಬೀಗದ ಓನೋರಿಯೊ.
ಬಾರಿನ ಕಟ್ಟೆಗೆ ಮೊಣಕೈ ಊರಿ ಹೇಳಿದ:
"ಮೊದಲು ವಾರಕ್ಕೆ ಮೂರು ಬಾಗಿಲು.
ಕೀಲಿ ಒಳಗೇ ಮರೆತವರು, ಕುಡಿದು ಕಳೆದವರು,
ಒಮ್ಮೊಮ್ಮೆ ಹೆಂಡತಿ ಹೊರಗೆ ಹಾಕಿದವನು.
ಈಗ ಹನ್ನೊಂದು. ಎಲ್ಲ ಬ್ಯಾಂಕಿನವು.
ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟಿನ ಹೆಂಗಸು, ಇಬ್ಬರು ಪೊಲೀಸರು, ನಾನು.
ಕಸುಬು ಬರೆದುಕೋ: ಮುರಿಯದೆ ತೆಗೆಯುವುದು."

ಬರೆದುಕೊಂಡೆ. ಕುಶಲ ಕಾರ್ಮಿಕ. ಬೇಡಿಕೆ: ಏರಿಕೆ.

ಮನೆ ಕಟ್ಟಿದವರು ಕಂತು ಕಟ್ಟಿದರು,
ಕಂತು ಕಟ್ಟಲಾರದವರು ಗಂಟು ಕಟ್ಟಿದರು.
ಕೀಲಿ ಒಪ್ಪಿಸಿದರೂ ಇಲ್ಲಿ ಸಾಲ ತೀರುವುದಿಲ್ಲ,
ಉಳಿದದ್ದು ಹಿಂದೆಯೇ ಬರುತ್ತದೆ,
ಸಂಬಳ ಎಲ್ಲಿ ಸಿಕ್ಕರೆ ಅಲ್ಲಿಗೆ.

"ಬೆಲ್ವೆರನ ಬಾಗಿಲು," ಅಂದ, ಇನ್ನೊಂದು ಕಾಫಿ ಹೇಳಿದ.

ಬೆಲ್ವೆರ್ ಮೆರುಗಿನ ಮೇಸ್ತ್ರಿ. ಇಪ್ಪತ್ತೆರಡು ವರ್ಷ.
ಗೂಡಿನ ಬಿಸಿಯನ್ನು ಕಿಂಡಿಯ ಬೆಳಕು ನೋಡಿಯೇ ಹೇಳುವವನು.
ಆ ವಿದ್ಯೆಗೆ ಗೂಡು ಉರಿಯುತ್ತಿರಬೇಕು.
ಪೋರ್ಚುಗಲ್‌ನಲ್ಲಿ ಉರಿಯುತ್ತಿತ್ತು, ಕರೆದಿದ್ದರು ಕೂಡ.
ಮನೆ ಮಾರಿ ಹೋಗೋಣವೆಂದರೆ ಬೆಲೆ ಸಾಲಕ್ಕಿಂತ ಕೆಳಗೆ.
(ನಮ್ಮ ಪ್ರಬಂಧದಲ್ಲಿ ಇದು ಮೂರನೆಯ ಅಧ್ಯಾಯ.)

"ನಾನೇ ಕೂರಿಸಿದ ಬೀಗ ಅದು, ಅವನ ಮಗಳು ಹುಟ್ಟಿದ ವರ್ಷ.
ಮೊಂಡು ಬೀಗ. ಅರ್ಧ ಗಂಟೆ ಹಿಡಿಯುತ್ತದೆ ಅಂದುಕೊಂಡಿದ್ದೆ.
ಬಗ್ಗಿ ಸಲಾಕೆ ಇಟ್ಟೆ, ಬೆಣ್ಣೆಯ ಹಾಗೆ ಜಾರಿತು.
ಹಿಂದಿನ ರಾತ್ರಿ ಒಳಗಿಂದ ಎಣ್ಣೆ ಬಿಟ್ಟಿದ್ದ,
ನನಗೆ ಕಷ್ಟವಾಗಬಾರದೆಂದು."

ಕಾಫಿ ಬಂತು. ಮುಟ್ಟಲಿಲ್ಲ.

"ಮರುದಿನ ಐದು ಇದ್ದವು. ಹೋಗಲಿಲ್ಲ.
ಹೋಗದ ಬಾಗಿಲಿಗೆ
ನಿನ್ನ ಹಾಳೆಯಲ್ಲಿ ಒಂದು ಮನೆ ಇದೆಯೇ?"

ಇರಲಿಲ್ಲ.
ಉತ್ತರವಿಲ್ಲದ ಮನೆಗೆ ಯಂತ್ರ ಒಂದು ಚುಕ್ಕಿ ಇಡುತ್ತದೆ,
ಸರಾಸರಿ ಚುಕ್ಕಿಯನ್ನು ದಾಟಿ ಹೋಗುತ್ತದೆ.

ಸಂಜೆ ಕೂತು ಬೆಲ್ವೆರನ ಸಾಲವನ್ನು ಒಂದು ಸಾಲಾಗಿ ಇಳಿಸಿದೆ.
ಅದರ ಕೆಳಗೆ ಓನೋರಿಯೊ.
ಕೊನೆಯ ಅಂಕಣದ ಹತ್ತಿರ, ಕಾಗದದ ಅಂಚಿನಲ್ಲಿ,
ಅವನ ಹೆಬ್ಬೆರಳಿನ ಎಣ್ಣೆ.
ಎಣ್ಣೆ ಹೀರಿದಷ್ಟು ಜಾಗದಲ್ಲಿ
ಹಿಂದಿನ ಪುಟದ ಯಾರದೋ ಅಂಕಿಗಳು
ತಲೆಕೆಳಗಾಗಿ ಕಾಣುತ್ತಿದ್ದವು.