ಎರಡನೇ ಕಿವಿ

ದುರ್ಬೀನು ಬ್ಯಾಡ ಅಂತಿದ್ದ ನಮ್ಮ ಸಣ್ಣಜ್ಜ ಯಮನೂರಪ್ಪ:
"ಕಣ್ಣಿಗೆ ಹತ್ತರ ಬಂದದ್ದು ಅಳತಿಗೆ ದೂರ ಹೋಗತೈತಿ."
ಬನ್ನಿಕೊಪ್ಪದ ಆಚೆ, ಕಡಲೆ ಹೊಲದ ಬದುವಿಗೆ
ಬೋರಲು ಮಲಗಿ, ಎರೆಮಣ್ಣು ಗದ್ದಕ್ಕೆ ಮೆತ್ತಿಕೊಂಡು
ಅವನು, ಪಕ್ಕದಲ್ಲಿ ನಾನು.
ನನಗೆ ಹತ್ತು ವರ್ಷ. ಬೇಟೆ ನಿಂತೂ ಹತ್ತು ವರ್ಷ.
ಕೋವಿಯಿಲ್ಲ, ಬಲೆಯಿಲ್ಲ, ಕೊಡಲು ಬೇರೇನೂ ಇಲ್ಲದೆ
ಬರೀ ಅಳತೆ ಕಲಿಸುತ್ತಿದ್ದ.

"ಕೋಡು ಆಮ್ಯಾಲೆ. ಮೊದಲು ಕಿವಿ ನೋಡು.
ಚಿಗರಿ ಕಿವಿ ಎಂಟು ಬೆರಳು.
ಅದನ್ನ ಕೋಡಿನ ಗುಂಟ ಏರಿಸ್ಕೊಂತ ಹೋಗು,
ಒಂದು,
ಎರಡು,
ಮೂರು ಕಿವಿ ಕುಂತ್ರ ಒಂದು ಮೊಳ.
ಮೊಳ ದಾಟಿದ್ದು ಹಿಂಡಿನ ಯಜಮಾನ.
ಎಳೇದರ ಕೊರಳು ಸಣ್ಣ, ಕೋಡು ಸುಳ್ಳ ಉದ್ದ.
ಹಳೇದು ಕೊರಳು ಉಬ್ಬಿಸಿ ತನ್ನ ಕೋಡು ತಾನ ಮುಚ್ಚತೈತಿ.
ಮಟಮಟ ಮಧ್ಯಾಹ್ನ ಬಾಯಿ ಮುಚ್ಕೊಂಡಿರು,
ಎರಿ ಕುದಿಯೂವಾಗ ಕೋಡೂ ಕುದಿತಾವ.
ಹೊಳ್ಳಿ ಓಡೂವಾಗಂತೂ ಅಳೀಬ್ಯಾಡ, ತಮ್ಮಾ.
ಬೆನ್ನು ತೋರಿಸಿ ಹೊಂಟದ್ದರ ಕೋಡು
ಎಂದಿದ್ರೂ ದೊಡ್ಡದು."

ಮನೆಯ ಪಡಸಾಲೆಯಲ್ಲಿ ಒಂದು ಜೋಡಿ ಕೋಡಿತ್ತು.
ಒಂದಕ್ಕೆ ಅವನ ರುಮಾಲು, ಇನ್ನೊಂದಕ್ಕೆ ನನ್ನ ಪಾಟಿಚೀಲ.
ಬೆರಳಿಟ್ಟು ಅಳೆದೆ ಒಂದು ದಿನ,
ಹದಿನೆಂಟು.
ನಕ್ಕೆ.
ಅವನು ನಗಲಿಲ್ಲ. ಎಲೆಗೆ ಸುಣ್ಣ ಸವರುತ್ತ ಕೂತ.

ಗದಗಿನ ಹತ್ತಿ ಪ್ರೆಸ್ಸಿನ ಸಾಹುಕಾರ ಅಂದಾನಪ್ಪ
ಸಣ್ಣ ರೈಲಿಗೆ ಬಂದಿದ್ದನಂತೆ, ತೊಗಲಿನ ಚೀಲದಲ್ಲಿ ಕೋವಿ,
ಕಿಸೆಯಲ್ಲಿ ಟೇಪು.
ಗೋಡೆಗೆ ಒಂದು ಮೊಳ ಬೇಕು, ಕಡಿಮೆ ಆದರೆ ಬೇಡ.
ಎರಡು ರೂಪಾಯಿ ಮಾತು.
ಕುಸುಬೆಯ ಮರೆಯಲ್ಲಿ ಅಡ್ಡ ನಿಂತಿತ್ತು, ಕಡುಗಪ್ಪು,
ಎಡಗಿವಿ ಇತ್ತ.
ಮೂರು ಸಲ ಏರಿಸಿದ, ಮೂರು ಸಲವೂ ಮೂರು.
"ಹೊಡೀರಿ" ಅಂದ.

ಬಿದ್ದ ಮೇಲೆ ಹತ್ತಿರ ನಡೆದು ಹೋಗುವಾಗ
ಹೆಜ್ಜೆಗೊಂದು ಬೆರಳು ಸಣ್ಣಗಾಗುತ್ತ ಬಂತಂತೆ ಕೋಡು.
ಟೇಪು ಹಿಡಿದ ಸಾಹುಕಾರ ಏನೂ ಅನ್ನದೆ
ಎಂಟಾಣೆ ಮುರಿದುಕೊಂಡ. ತಲೆ ಅಲ್ಲೇ ಬಿಟ್ಟ.
ಅಜ್ಜ ಕೂತು ನೋಡಿದ.
ಕೋಡು ಸುಳ್ಳು ಹೇಳಿರಲಿಲ್ಲ.
ಎಡಗಿವಿಯ ತುದಿ, ಯಾವ ವರ್ಷವೋ ಯಾವ ನಾಯಿಯೋ
ಎರಡು ಬೆರಳು ಕಿತ್ತು ಒಯ್ದಿತ್ತು.
ಗಾಯ ಮಾಗಿ, ಅಂಚಿಗೆ ಕೂದಲು ಬಂದು,
ಹುಟ್ಟಿದ್ದೇ ಹಾಗೆ ಅನ್ನುವಂತೆ ದುಂಡಗಿತ್ತು.
ಬಲಗಿವಿ ಮಣ್ಣಿಗೆ ಒತ್ತಿಕೊಂಡಿತ್ತು.
ಎತ್ತಿ ನೋಡಿದ. ಎಂಟು.

"ನಾಯಿ ಬಾಯಿಂದ ಪಾರಾಗಿ ಬಂದಿತ್ತಲೋ ಅದು,"
ಅಂದ ಅಜ್ಜ, ಇಷ್ಟೇ.
ತಾಂಬೂಲ ಮಡಚಿದ, ಬಾಯಿಗೆ ಹಾಕಲಿಲ್ಲ.

ಈಗ ನಾನು ಅರಣ್ಯ ಇಲಾಖೆಯ ವಾಚರ್.
ವರ್ಷಕ್ಕೊಮ್ಮೆ ಎಣಿಕೆ: ಹಾಳೆ, ಪೆನ್ನು, ಅವರೇ ಕೊಟ್ಟ ದುರ್ಬೀನು.
ಗಂಡು ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು,
ಕೋಡಿನ ಅಂದಾಜು ಉದ್ದಕ್ಕೊಂದು ಸಣ್ಣ ಮನೆ.
ಜೊತೆಗೆ ಬಂದ ಹುಡುಗಿ, ಕಾಲೇಜಿನವಳು, ಅವಸರದವಳು,
"ಅಂಕಲ್, ಬರೀರಿ, ಇನ್ನೂ ತಳಕಲ್ ಕಡೆ ಹೋಗಬೇಕು."

ಬಿಳಿಜೋಳದ ತೆನೆಯ ಮೇಲೆ ತಲೆ ಎತ್ತಿ
ಅಡ್ಡ ನಿಂತಿದೆ ಒಂದು.
ಮೂರು ಕಿವಿ, ಮೇಲೊಂದು ಚೂರು.
ಪೆನ್ನು ಹಿಡಿದು ಕಾಯುತ್ತೇನೆ.
ಹುಡುಗಿ ಗಡಿಯಾರ ನೋಡುತ್ತಾಳೆ.
ಎಲ್ಲೋ ಮೋಟಾರು ಪಂಪು ಕೆಮ್ಮಿ ಶುರುವಾಗಿ
ಅದು ಸರಕ್ಕನೆ ಕತ್ತು ಹೊರಳಿಸುತ್ತದೆ, ಆ ಕಡೆಯದೂ ಕಾಣುತ್ತದೆ,
ಆಮೇಲೆ ಜಿಗಿತ, ಮತ್ತೊಂದು ಜಿಗಿತ,
ದೂರ ಹೋದಷ್ಟೂ ಬೆಳೆಯುತ್ತ ಬೆಳೆಯುತ್ತ
ಮುಗಿಲಿಗೆ ತಾಗುವಂಥ ಕೋಡು.

'ಒಂದು ಮೊಳ' ಎಂದು ಬರೆದೆ. ಹೊಡೆದು ಹಾಕಿದೆ.
ಆ ಸಣ್ಣ ಮನೆಯೊಳಗೆ ಒತ್ತೊತ್ತಾಗಿ ಬರೆದೆ:
ಕಿವಿ ಎರಡೂ ಪೂರಾ ಇವೆ.