ಪ್ಯಾಕ್‌ಸ್ಯಾಡಲ್‌ನಲ್ಲಿ ಒಂದು ಲೋಪಸಂಧಿ

ಬ್ರೋಕನ್ ಹಿಲ್‌ನಿಂದ ಉತ್ತರಕ್ಕೆ ನೂರೆಪ್ಪತ್ತು ಕಿಲೋಮೀಟರು.
ವ್ಯಾನಿನ ನೆತ್ತಿಯ ಮೇಲೆ ಆಂಟೆನಾ, ಹೊಟ್ಟೆಯೊಳಗೆ ನಾನು,
ಹಲ್ಲಿನ ಸಂದಿಯಲ್ಲೂ ಕೆಂಪು ಧೂಳು.
ಪರದೆಯ ಮೇಲೆ ಗೆರೆ ಏರುತ್ತದೆ, ಕುಸಿಯುತ್ತದೆ,
ಎಮು ಹಕ್ಕಿಯೊಂದು ಅಡ್ಡ ಬಂದರೂ
ಅದೇ ಕೆಡವಿತೇನೋ ಅನ್ನಿಸುತ್ತದೆ.

ನನ್ನ ಕೆಲಸ ಇಷ್ಟೆ:
ಹಾಸಿಗೆ ಇದ್ದಷ್ಟು ಕಾಲು ಚಾಚಿಸುವುದು.
ಗಾದೆ ಕಟ್ಟಿದವರ ಹಾಸಿಗೆ ರಾತ್ರಿಯಿಡೀ ಒಂದೇ ಅಳತೆ.
ಇಲ್ಲಿ ಸೆಕೆಂಡಿಗೆ ಸಾವಿರ ಸಲ
ಯಾರೋ ಚಾಪೆ ಎಳೆದು ಬೇರೆ ಹಾಸುತ್ತಾರೆ.
ಕಾಲು ಮಾತ್ರ ಅದೇ ಕಾಲು.

ಒಂದು ಮಾತಿಗೆ ಎರಡು ಸಾಕ್ಷಿ,
ತಾಯಿ ಸಂಕೇತದ ಲೆಕ್ಕ ಅದು.
ಮಾತನ್ನು ಮುಂದೆ, ಸಾಕ್ಷಿಗಳನ್ನು ಹೆಣೆದು ಹಿಂದೆ,
ಎಲ್ಲವನ್ನೂ ಬಳೆಯ ಹಾಗೆ ಬಗ್ಗಿಸಿ ಕೂರಿಸುತ್ತೇವೆ.
ಜಾಗ ಕಡಿಮೆಯೋ, ಅರ್ಧ ಸುತ್ತಿಗೇ ನಿಲ್ಲಿಸಿ
ಉಳಿದ ಸಾಕ್ಷಿಗಳನ್ನು ಮನೆಗೆ ಕಳಿಸುತ್ತೇವೆ.
ಜಾಗ ಹೆಚ್ಚೋ, ಬಳೆ ಸುತ್ತಿ ಮತ್ತೊಮ್ಮೆ,
ಹೇಳಿದ್ದನ್ನೇ ಹೇಳುವ ಹರಟೆಮಲ್ಲನ ಹಾಗೆ.

ಇದನ್ನು ನಾನು ಕಲಿತದ್ದು ಚಿಂತಾಮಣಿಯಲ್ಲಿ, ಏಳನೇ ಕ್ಲಾಸಿನಲ್ಲಿ.
ಆಗ ಇದರ ಹೆಸರು ಬೇರೆ ಇತ್ತು.
ಸಕ್ಕೂಬಾಯಿ ಮೇಡಂ ಹಲಗೆಯ ಮೇಲೆ ಊರು ಬರೆದರು,
ಕೂಡಿಸುವ ಗುರುತು, ಮತ್ತೆ ಊರು.
ನಡುವಿನ ಉಕಾರವನ್ನು ಬೆರಳಲ್ಲೇ ಒರೆಸಿದರು:
ಊರೂರು.
ಬಿದ್ದದ್ದು ಎಲ್ಲಿ ಹೋಯಿತು ಮೇಡಂ ಎಂದೆ.
ಕೇಳುವವರ ಕಿವಿಯಲ್ಲಿದೆ, ಕೂತ್ಕೋ ಅಂದರು.
ಬೆರಳಿನ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು.

ಪ್ಯಾಕ್‌ಸ್ಯಾಡಲ್.
ಒಂದು ಪೆಟ್ರೋಲ್ ಬಂಕು, ಒಂದು ಬಾರು, ಎರಡು ನಾಯಿ.
ಮತ್ತು ವಿನ್ ಟ್ರೆಗೆಂಜಾ, ಎಂಬತ್ತೊಂದು ದಾಟಿದವಳು,
ಒಂದು ಕಾಲಕ್ಕೆ ಕುರಿ ಸ್ಟೇಷನ್ನುಗಳ ರೇಡಿಯೋಗೆ ಕಿವಿಯಾದವಳು.
ನನ್ನ ಪರದೆಗೆ ಬಗ್ಗಿ ನೋಡಿ ಅಂದಳು:
ಇದಕ್ಕೆ ಯಂತ್ರ ಬೇಕೇನೇ?
ಬೆಳಗ್ಗೆ ಗಾಳಿ ತಿಳಿಯಾಗಿದ್ದರೆ ಒಂದೇ ಸಲ, ಚುಟುಕಾಗಿ:
ಮಗು, ಜ್ವರ, ವಿಮಾನ. ಸಾಕು.
ಸಂಜೆ ಮಿಂಚು ಕರಕರ ಅಂದರೆ
ಮಗು ಮಗು ಮಗು, ಜ್ವರ ಜ್ವರ.
ಆಗಲೂ ಮುಟ್ಟಲಿಲ್ಲವೋ, ಮತ್ತೆ ಹೇಳು ಅನ್ನುತ್ತಿದ್ದರು.
ಮೊದಲಿಂದ ಹೇಳಬಾರದು ಹುಡುಗಿ,
ಬಿಟ್ಟುಹೋದ ಕಡೆಯಿಂದ ಹಿಡಿಯಬೇಕು.
ಅರ್ಧಂಬರ್ಧ ಕೇಳಿಸಿದ್ದನ್ನೂ ಎಸೆಯಬಾರದು,
ಚೀಟಿಯಲ್ಲಿ ಬರೆದಿಟ್ಟುಕೊಂಡು ಅದರ ಮೇಲೇ ಬರೆಯಬೇಕು.

ನಾನು ಬಳೆಯ ನಾಲ್ಕು ಆರಂಭಗಳನ್ನು ನೆನೆದೆ.
ಬಳೆಗೆ ಆರಂಭ ಎಲ್ಲಿ?
ಇದೆ. ನಮ್ಮ ದಪ್ಪ ಪುಸ್ತಕದಲ್ಲಿ ನಾಲ್ಕಿವೆ.

ಆಮೇಲೆ ಅವಳು ಸುಮ್ಮನಾದಳು. ನಾಯಿಯ ಕಿವಿ ಕೆರೆದಳು.
ಒಂದು ಸಲ, ಅಂದಳು,
ಸ್ಟೇಷನ್ನಿನ ಹೆಸರಿನ ನಡುವೆ ಒಂದು ಸಿಡಿಲು.
ಇದ್ದ ಜಾಗ ಖಾಲಿ ಬಿಡಲು ನಾಚಿಕೆಯಾಯಿತು.
ನಾನೇ ಒಂದು ಹೆಸರು ತುಂಬಿದೆ, ಗಟ್ಟಿಯಾಗಿ.
ವಿಮಾನ ಅಲ್ಲಿಗೆ ಹೋಯಿತು.
ಅವರು ಇದ್ದದ್ದು ಅಲ್ಲಿ ಅಲ್ಲ.

ಮುಂದೇನಾಯಿತು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಅದೊಂದು ಸಾಲನ್ನು ಇಬ್ಬರೂ ಸೇರಿ ಒರೆಸಿದೆವು.

ಕೊನೆಗೆ ನಾನು ಹೇಳಿದೆ, ಬೇಡವೆಂದುಕೊಂಡೇ:
ಇಲ್ಲಿ ನಾವು ಕಳಿಸದೆ ಬಿಟ್ಟ ಜಾಗಗಳಲ್ಲಿ
ಕೇಳುವ ಯಂತ್ರ ಸೊನ್ನೆ ಎಂದೂ ಬರೆಯುವುದಿಲ್ಲ,
ಒಂದು ಎಂದೂ ಬರೆಯುವುದಿಲ್ಲ.
ತಕ್ಕಡಿಯ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ
ಗೊತ್ತಿಲ್ಲ ಎಂದು ಬರೆದುಕೊಳ್ಳುತ್ತದೆ.
ಅಕ್ಕಪಕ್ಕದ ಸಾಕ್ಷಿಗಳು ನಿಧಾನ ಅದನ್ನು ವಾಲಿಸುತ್ತವೆ.

ಗೊತ್ತಿಲ್ಲ ಅನ್ನೋದಕ್ಕೆ ಒಂದು ಜಾಗ ಮಾಡಿದೀರಾ, ಅಂದಳು ವಿನ್.
ಹೊಗಳಿಕೆಯೋ ಕೊಂಕೋ ತಿಳಿಯಲಿಲ್ಲ.
ಚಹಾದ ದುಡ್ಡು ಮಾತ್ರ ಬೇಡವೆಂದಳು.

ವಾಪಸು ದಾರಿಯಲ್ಲಿ ಗೆರೆ ನೆಲ ಕಚ್ಚಿತು.
ಒಮ್ಮೆ ಕಳಿಸಿತು, ಮುಟ್ಟಲಿಲ್ಲ.
ಬಳೆಯ ಇನ್ನೊಂದು ಬದಿಯಿಂದ ಕಳಿಸಿತು, ಮುಟ್ಟಲಿಲ್ಲ.
ಪರೀಕ್ಷೆಯ ಮಾತು ಅದು, ಯಾರ ಮಗುವಿನ ಜ್ವರವೂ ಅಲ್ಲ,
ಸುಮ್ಮನೆ ಉರುಳಿಸಿದ ಸೊನ್ನೆಗಳು, ಒಂದುಗಳು.
ಆದರೂ ವ್ಯಾನನ್ನು ಬದಿಗೆ ನಿಲ್ಲಿಸಿ
ಎಂಜಿನ್ನೂ ಆರಿಸಿ ಕೂತಿದ್ದೆ,
ಮೂರನೆಯದಕ್ಕೆ.