ಹೊಡೆದು ಬರೆದದ್ದು ಸರಿ

ಅರಸೀಕೆರೆ, ಬಿ.ಎಚ್. ರಸ್ತೆ, ಕೊಬ್ಬರಿ ಮಂಡಿಯ ಮೇಲಿನ ಕೋಣೆ.
ಎರಡು ಮೇಜು, ಒಂದು ಫ್ಯಾನು,
ಮೂರು ದಿನದಿಂದ ಮುಗಿಯದ ಒಂದೇ ಜಗಳ:
ಪತ್ರವನ್ನು ಯಾವ ರೂಪದಲ್ಲಿ ಇಡೋದು?

ಪರದೆಯಲ್ಲಿ ಕಂಡದ್ದನ್ನು ಕಂಡ ಹಾಗೇ ಇಡು, ಅಂತಾಳೆ ನಿಖತ್.
ದಪ್ಪಕ್ಕೆ ದಪ್ಪ, ಅಡಿಗೆರೆಗೆ ಅಡಿಗೆರೆ,
ಎಚ್‌ಟಿಎಂಎಲ್ ಬ್ರೌಸರಿಗೆ ಮನೆಮಾತು.
ವರ್ಡಿನಿಂದ ಅಂಟಿಸಿದ ಒಂದು ಕ್ರಯಪತ್ರ ಬಿಚ್ಚಿ ತೋರಿಸಿದೆ:
ಹದಿನಾರು ಸುತ್ತು ಬ್ಯಾಂಡೇಜು,
ಬಿಚ್ಚಿ ಬಿಚ್ಚಿ ಕೊನೆಗೆ ಒಳಗೆ
‘ಉರುಫ್’ ಅನ್ನುವ ಒಂದು ಪದ.

ಬರಿಯ ಪಠ್ಯ ಹಗುರ. ಎಲ್ಲಿ ಬೇಕಾದರೂ ತೆರೆದುಕೊಳ್ಳುತ್ತೆ.
ಆದರೆ ಚಕ್ಕುಬಂದಿ?
‘ಸರ್ಕಾರಿ ಹಳ್ಳ’ ಅನ್ನುವ ಸಾಲಿಗೆ
ತಾನು ಪೂರ್ವ ಅಂತ ಗೊತ್ತಿರಬೇಕಲ್ಲ.

ಹಾಗಾದರೆ ಮರ.
ಬುಡಕ್ಕೆ ಪತ್ರ, ಕೊಂಬೆಗೆ ಬರೆದುಕೊಟ್ಟವರು, ಬರೆಸಿಕೊಂಡವರು,
ಷೆಡ್ಯೂಲಿಗೊಂದು ಕವಲು, ಕವಲಿಗೆ ನಾಲ್ಕು ದಿಕ್ಕು.
ಮರ ಒಪ್ಪಿದಳು. ಅರ್ಧ ಒಪ್ಪಿದಳು.

ಆಗ ಮೆಟ್ಟಿಲು ಹತ್ತಿ ಬಂದರು ರಂಗೇಶಯ್ಯ,
ನಲವತ್ತೊಂದು ವರ್ಷದ ಪತ್ರಬರಹಗಾರ, ನಮ್ಮ ಮೊದಲ ಗಿರಾಕಿ.
ಪೆನ್‌ಡ್ರೈವನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು.
“ಹದಿನೆಂಟು ವರ್ಷದ್ದಿದೆ, ತೆಗೀರಿ.”

ತೆಗೆದೆವು. ಕನ್ನಡ ಇರಲಿಲ್ಲ.
ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು,
ನಡುನಡುವೆ ಪೌಂಡಿನ ಗುರುತು, ಬಾಲ ಬಂದ ಸಿ,
ವಿಳಾಸ ತಪ್ಪಿ ಬಂದ ದಿಬ್ಬಣದಂತೆ ಸಾಲಾಗಿ ಕೂತಿದ್ದವು.
ಹಳೆಯ ಫಾಂಟು ಹೋಗಿತ್ತು, ಅಕ್ಷರಗಳನ್ನೂ ಕರೆದುಕೊಂಡು.
ವೇಷವನ್ನೇ ಮೈ ಅಂತ ಇಟ್ಟರೆ ಹೀಗೇ, ಅಂದೆ,
ಜಗಳ ಗೆದ್ದ ದನಿಯಲ್ಲಿ.
ರಂಗೇಶಯ್ಯ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.
ತಪ್ಪು ಗಾಜಿನದೇ ಇರಬಹುದು ಅನ್ನುವ ಹಾಗೆ.
ನನಗೆ ನಾಚಿಕೆಯಾಯಿತು.

“ಅದಿರಲಿ. ತಪ್ಪಾದರೆ ಏನು ಮಾಡ್ತೀರ?”
“ಅಳಿಸ್ತೀವಿ ಸಾರ್. ಒಂದೇ ಗುಂಡಿ.”
“ಅಳಿಸಬಾರದು ಕಣಮ್ಮ.”
ಮಂಡಿಯ ಬಿಲ್ಲಿನ ಬೆನ್ನಿಗೆ ‘ತೆಂಕಲು’ ಅಂತ ಬರೆದರು.
ಮೇಲೊಂದು ಗೆರೆ, ಒಳಗಿನದು ಓದಲು ಬರುವಂತೆ.
ಗೆರೆಯ ನೆತ್ತಿಗೆ ‘ಬಡಗಲು’. ಪಕ್ಕದಲ್ಲಿ ಸಣ್ಣ ರುಜು.
ಅಡಿಯಲ್ಲಿ:
ಒಂದನೇ ಸಾಲಿನಲ್ಲಿ ತೆಂಕಲು ಎಂಬುದನ್ನು ಹೊಡೆದು
ಬಡಗಲು ಎಂದು ಬರೆದದ್ದು ಸರಿ.
“ತಪ್ಪಿಗೂ ಒಂದು ಸರಿ ಹಾಕಬೇಕು.
ನಾಳೆ ಕೋರ್ಟಲ್ಲಿ ಕೇಳೋದು ಗೆರೆಯ ಕೆಳಗಿಂದನ್ನೇ.”

ರಾತ್ರಿ ಮರದ ಪಕ್ಕ ಇನ್ನೊಂದು ಕೋಷ್ಟಕ ತೆರೆದೆ:
ಯಾರು, ಯಾವಾಗ, ಎಲ್ಲಿ, ತೆಗೆದದ್ದು, ಇಟ್ಟದ್ದು.
ಒಂದೊಂದು ಬೆರಳೊತ್ತಿಗೂ ಒಂದು ಸಾಲು.
ಇವನ್ನೆಲ್ಲ ಮೊದಲಿಂದ ಓದಿಕೊಂಡು ಬಂದರೆ
ಕೊನೆಗೆ ನಿಂತದ್ದೇ ಪತ್ರ.

ನಿಖತ್ ಬಹಳ ಹೊತ್ತು ಮಾತಾಡಲಿಲ್ಲ.
“ನಮ್ಮಕ್ಕ ತನ್ನ ಪಾಲು ಅಣ್ಣಂದಿರಿಗೆ ಬಿಟ್ಟುಕೊಟ್ಟಳಲ್ಲ,
ಕರಡಿನಲ್ಲಿ ಮೊದಲು ಒಂದು ಸಾಲು ಟೈಪು ಮಾಡಿದ್ದಳು,
‘ನನಗೆ ಇಷ್ಟ ಇಲ್ಲ’ ಅಂತ.
ತಾನೇ ಅಳಿಸಿದಳು. ನಾನು ಪಕ್ಕದಲ್ಲಿದ್ದೆ.
ಅದನ್ನೂ ಇಡ್ತೀಯಾ?
ಯಾರಿಗೆ ತೋರಿಸೋಕೆ?”

ಹುಬ್ಬಳ್ಳಿ ಕಡೆಯ ಗಾಡಿ ಹೋಯಿತು. ಮೇಜು ಅದುರಿತು.
ನನ್ನ ಹತ್ತಿರ ಉತ್ತರ ಇರಲಿಲ್ಲ, ಕಾಲಂ ಒಂದಿತ್ತು:
ಎಷ್ಟು ದಿನ ಇಡಬೇಕು.

ಅವಳು ‘ಮೂವತ್ತು ದಿನ’ ಅಂತ ಬರೆದಳು.
ನಾನು ಹೊಡೆದು ‘ಮೂವತ್ತು ವರ್ಷ’ ಅಂದೆ.
ಅವಳು ಅದನ್ನೂ ಹೊಡೆದಳು, ಮೇಲೇನೂ ಬರೆಯಲಿಲ್ಲ.
ಎಲ್ಲವೂ ದಾಖಲಾಗಿದೆ.
ಸರಿ ಅಂತ ರುಜು ಮಾತ್ರ
ಯಾರೂ ಹಾಕಿಲ್ಲ.